ಬಿಸಿಲು ತಡೆಯುವ ಅಮೃತಮಹಲ್ ದನ



ದೀಪಾವಳಿ ಬಂತೆಂದರೆ ಶಿಕಾರಿಪುರ, ಸೊರಬದ ಸೀಮೆಯಲ್ಲಿ ಹೋರಿ ಹಬ್ಬದ ಸಡಗರ. ಅಲ್ಲಿ ಓಡುವ ಹೋರಿಗಳಲ್ಲಿ ಅಮೃತಮಹಲ್ ತಳಿಯವೂ ಇರುತ್ತವೆ. “ಬಲು ಗಟ್ಟಿ ಜಾತಿ ಕಣ್ರೀ, ಏನು ಹಾಕಿದರೂ ಬದುಕುತ್ತೆ” ಎನ್ನುವವರುಂಟು. ಈ ಮಾತು ಅರ್ಧ ನಿಜ. ಉಳಿದರ್ಧ ತಿಳಿಯದಿದ್ದರೆ ನಷ್ಟ ನಮಗೇ.

ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ (1673–1704) ಅರಮನೆಯ ದನಗಳ ಇಲಾಖೆಗೆ ‘ಬೆಣ್ಣೆ ಚಾವಡಿ’ ಎಂದು ಹೆಸರಿತ್ತು. ಅದನ್ನು ಅಮೃತಮಹಲ್ ಎಂದು ಕರೆದವನು ಟಿಪ್ಪು ಸುಲ್ತಾನ್. ಹಾಲು, ಬೆಣ್ಣೆ ಅರಮನೆಗೆ. ಎತ್ತುಗಳು ದಂಡಿನ ಸಾಮಾನು ಎಳೆಯುವುದಕ್ಕೆ. ಇಂದಿಗೂ ಅಜ್ಜಂಪುರದಲ್ಲಿ ಈ ತಳಿಯ ಸಂವರ್ಧನಾ ಕೇಂದ್ರವಿದೆ.

ಈ ದನ ಬಿಸಿಲನ್ನು ಹೇಗೆ ತಡೆಯುತ್ತದೆ? ನಾಟಿ ದನದ ತೊಗಲಿನಲ್ಲಿ ಬೆವರಿನ ಗ್ರಂಥಿಗಳು ಸೀಮೆ ದನಕ್ಕಿಂತ ದೊಡ್ಡವು, ಹೆಚ್ಚೂ ಇವೆ. ಕೂದಲು ಗಿಡ್ಡ. ಮೈಯೊಳಗೆ ಹುಟ್ಟುವ ಕಾವು ಕಡಿಮೆ. ಒಣಹುಲ್ಲಿನಲ್ಲಿ ಸತ್ವ ಸಾಲದಾದಾಗ, ಮೂತ್ರದಲ್ಲಿ ಹೋಗುವ ಯೂರಿಯಾದ ಒಂದು ಪಾಲನ್ನು ಜೊಲ್ಲಿನ ಮೂಲಕ ಹೊಟ್ಟೆಗೇ ತಿರುಗಿಸಿ ಬಳಸಿಕೊಳ್ಳುತ್ತದೆ. ಅಮೆರಿಕದವರು ನಮ್ಮ ದೇಶದ ಗೀರ್, ಓಂಗೋಲು, ಕೃಷ್ಣಾತೀರದ ದನ ಮುಂತಾದವುಗಳಿಂದ ‘ಬ್ರಾಹ್ಮನ್’ ಎಂಬ ಮಾಂಸದ ತಳಿಯನ್ನು ಬೆಳೆಸಿದ್ದೂ ಬಿಸಿಲು ತಡೆಯುವ ಈ ಗುಣಕ್ಕಾಗಿಯೇ.

ಇನ್ನು ಉಳಿದರ್ಧ ಕೇಳಿ. ಅರಮನೆಯ ದನಗಳನ್ನು ವರ್ಷವಿಡೀ ಒಂದೇ ಕಡೆ ಮೇಯಿಸುತ್ತಿರಲಿಲ್ಲ. ಬೇಸಿಗೆಗೊಂದು, ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು ಕಾವಲು. ದನ ಹೊರಟ ಮೇಲೆ ಹುಲ್ಲು ಮತ್ತೆ ಚಿಗುರುತ್ತಿತ್ತು. ಹುಲ್ಲಿಗೆ ಕೊಟ್ಟ ಆ ಬಿಡುವೇ ದನದ ಗಟ್ಟಿತನವನ್ನು ಕಾಯ್ದದ್ದು. ಈಗ ಕಾವಲುಗಳು ಬಹಳಷ್ಟು ಕರಗಿವೆ, ತಳಿಯೂ ಕುಗ್ಗಿದೆ.

ಹಾಗಾದರೆ ನಾವು ಮಾಡಬೇಕಾದ್ದೇನು? ಊರಿನವರು ಸೇರಿ, ಪಂಚಾಯಿತಿಯಲ್ಲಿ ಮಾತಾಡಿ, ಗೋಮಾಳವನ್ನು ಮೂರು ಪಾಲು ಮಾಡಿ, ಮಳೆಗಾಲದಲ್ಲಿ ಒಂದು ಪಾಲಿಗೆ ಪೂರಾ ಬಿಡುವು ಕೊಡಿ. ಬೇಸಿಗೆಯಲ್ಲಿ ಬೆಳಗ್ಗೆ, ಸಂಜೆ ಮೇಯಿಸಿ. ನಡು ಹಗಲು ನೆರಳಲ್ಲಿ ಕಟ್ಟಿ, ನೀರು ತೋರಿಸಿ. ಗೋವಿನಜೋಳದ ದಂಟನ್ನು ಹೊಲದಲ್ಲೇ ಸುಡಬೇಡಿ. ಕತ್ತರಿಸಿ ಮೇವು ಮಾಡಿ. ಹಬ್ಬದ ಹೋರಿಗೆ ಮಾಡುವ ಆರೈಕೆಯಲ್ಲಿ ಒಂದು ಪಾಲು ಅದನ್ನು ಹೆತ್ತ ಹಸುವಿಗೂ ಇರಲಿ.

ಇನ್ನೊಂದು ಮಾತು. ಅಮೃತಮಹಲ್ ಬಯಲುಸೀಮೆಯ ದನ. ಸೊರಬದ ಮಳೆ ಹೆಚ್ಚಿರುವ ಕಡೆ ಮಲೆನಾಡು ಗಿಡ್ಡವೇ ಒಗ್ಗುತ್ತದೆ. ಹೆಚ್ಚು ಹಾಲು ಬೇಕೆನ್ನುವವರಿಗೂ ಅಮೃತಮಹಲ್ ಹೊಂದದು. ಇದು ಗೇಯುವ ತಳಿ. ಹೋರಿ ಕೊಡಿಸುವ ಮುನ್ನ ನಿಮ್ಮ ನೆಲ, ಮೇವು, ಕೆಲಸ ಮೂರನ್ನೂ ನೋಡಿ, ಪಶುವೈದ್ಯರನ್ನು ಕೇಳಿ. ಗಟ್ಟಿ ದನಕ್ಕೂ ಹೊಟ್ಟೆಯುಂಟು, ಮರೆಯದಿರಿ.