ಡ್ರೋನ್ ಬ್ಯಾಟರಿಯನ್ನು ಕಾಪಾಡುವ ಬಗೆ

ಮುಂಗಾರಿನಲ್ಲಿ ಬಿತ್ತಿದ ತೊಗರಿ ಹೂವು ಬಿಟ್ಟು ಕಾಯಿಗಟ್ಟುವ ಕಾಲದಲ್ಲಿ, ಬೀದರಿನಿಂದ ಜನವಾಡದ ಮೇಲೆ ಔರಾದಿಗೆ ಸಾಗುವ ದಾರಿಯಲ್ಲಾಗಲಿ, ಭಾಲ್ಕಿಯ ಕಡೆಯ ಕಬ್ಬಿನ ಹೊಲಗಳಲ್ಲಾಗಲಿ, ಬೆಳೆಯ ಮೇಲೆ ಗುಂಯ್ ಎನ್ನುತ್ತ ಹಾರಾಡುವ ಯಂತ್ರವೊಂದನ್ನು ಈಚಿನ ವರ್ಷಗಳಲ್ಲಿ ತಾವು ನೋಡಿರಬಹುದು. ಬೆನ್ನಿಗೆ ಪಂಪು ಕಟ್ಟಿಕೊಂಡು ಸಾಲುಸಾಲಾಗಿ ನಡೆದು ಮಾಡಬೇಕಾಗಿದ್ದ ಕೆಲಸವನ್ನು, ನಮ್ಮ ಕಡೆ 'ಎಣ್ಣೆ ಹೊಡೆಯುವುದು' ಎನ್ನುತ್ತಾರಲ್ಲ, ಆ ಕೆಲಸವನ್ನು, ಈ ಡ್ರೋನ್ ಎಕರೆಗೆ ಕೆಲವೇ ನಿಮಿಷಗಳಲ್ಲಿ ಮುಗಿಸುತ್ತದೆ.

2022ರ ಜನವರಿಯಲ್ಲಿ ಕೇಂದ್ರ ಸರ್ಕಾರವು ಕೃಷಿ ವಿಜ್ಞಾನ ಕೇಂದ್ರಗಳಿಗೂ ಕೃಷಿ ವಿಶ್ವವಿದ್ಯಾಲಯಗಳಿಗೂ ಡ್ರೋನ್ ಕೊಳ್ಳಲು 10 ಲಕ್ಷ ರೂಪಾಯಿಯವರೆಗೆ ಪೂರ್ಣ ನೆರವನ್ನು ಘೋಷಿಸಿತು. 2023ರ ನವೆಂಬರಿನಲ್ಲಿ ಒಪ್ಪಿಗೆ ಪಡೆದ 'ನಮೋ ಡ್ರೋನ್ ದೀದಿ' ಯೋಜನೆಯು ದೇಶದ 15,000 ಸ್ತ್ರೀ ಸ್ವಸಹಾಯ ಸಂಘಗಳಿಗೆ ಡ್ರೋನ್ ಒದಗಿಸುವ ಗುರಿಯಿಟ್ಟುಕೊಂಡಿತು. ಬೆಲೆಯ ಶೇಕಡಾ 80ರಷ್ಟನ್ನು, 8 ಲಕ್ಷ ರೂಪಾಯಿ ಮೀರದಂತೆ, ಸರ್ಕಾರವೇ ಭರಿಸುವ ಏರ್ಪಾಡು ಅದು. ಆ ಯೋಜನೆಯಲ್ಲಿ ಡ್ರೋನಿನ ಬ್ಯಾಟರಿಯಲ್ಲದೆ ಇನ್ನೂ ನಾಲ್ಕು ಬ್ಯಾಟರಿ ಸೆಟ್ಟುಗಳನ್ನು ಕೊಡಬೇಕೆಂದು ಗೊತ್ತುಮಾಡಲಾಯಿತು. ಏಕೆಂದರೆ ಒಂದು ಸೆಟ್ಟು ಬರಿದಾಗುವುದಕ್ಕೆ ಹತ್ತು ನಿಮಿಷ ಸಾಕು. ಅದನ್ನು ತುಂಬುವುದಕ್ಕೆ ಅದರ ಹಲವು ಪಟ್ಟು ಹೊತ್ತು ಬೇಕು.

ಡ್ರೋನ್ ಹಾರಿಸುವ ವಿದ್ಯೆಯನ್ನು ತರಬೇತಿಯಲ್ಲಿ ಕಲಿಸುತ್ತಾರೆ. ಆದರೆ ಡ್ರೋನ್ ಹಾರುವುದು ದಿನಕ್ಕೆ ಕೆಲವು ಗಂಟೆ, ವರ್ಷಕ್ಕೆ ಕೆಲವು ತಿಂಗಳು. ಉಳಿದ ಕಾಲವೆಲ್ಲ ಅದರ ಬ್ಯಾಟರಿಗಳು ಯಾರದೋ ಮನೆಯ ಮೂಲೆಯಲ್ಲಿ ಕುಳಿತಿರುತ್ತವೆ. ಆ ಮನೆ ಹಳ್ಳಿಯದೇ ಆಗಬೇಕೆಂದಿಲ್ಲ. ಮದುವೆಯ ಚಿತ್ರ ತೆಗೆಯುವ ತರುಣರ ಪುಟ್ಟ ಡ್ರೋನುಗಳು ಪಟ್ಟಣದ ಎಷ್ಟೋ ಮನೆಗಳಲ್ಲಿವೆ. ಆದುದರಿಂದ ಈ ವಿಷಯ ತಮಗೂ ಸಂಬಂಧಿಸಿದ್ದೇ.

ತಮ್ಮ ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದರ ಬ್ಯಾಟರಿಯನ್ನು ಹೇಗೆ ನೋಡಿಕೊಳ್ಳಬೇಕೆಂದು ತಮಗೆ ಗೊತ್ತಿದೆ. ಆಗಾಗ ಡಿಸ್ಟಿಲ್ಡ್ ನೀರು ಹಾಕಬೇಕು, ಯಾವಾಗಲೂ ತುಂಬಿಟ್ಟಿರಬೇಕು. ಟ್ರ್ಯಾಕ್ಟರಿನ ಬ್ಯಾಟರಿಗೂ ಇದೇ ನಿಯಮ. ಅವು ಸೀಸ ಮತ್ತು ಗಂಧಕಾಮ್ಲದ ಬ್ಯಾಟರಿಗಳು. ಅವುಗಳನ್ನು ಅರೆಬರೆ ತುಂಬಿ ತಿಂಗಳುಗಟ್ಟಲೆ ಬಿಟ್ಟರೆ ಒಳಗಿನ ಸೀಸದ ಫಲಕಗಳ ಮೇಲೆ ಗಟ್ಟಿಯಾದ ಹರಳು ಕಟ್ಟಿ ಬ್ಯಾಟರಿ ಕೆಡುತ್ತದೆ. ನಮ್ಮ ಮನೆಗಳಲ್ಲಿ ಬಹುಕಾಲದಿಂದ ನೆಲೆನಿಂತ ಈ ಅಭ್ಯಾಸವೇ ಡ್ರೋನ್ ಬ್ಯಾಟರಿಯ ಪಾಲಿಗೆ ಶತ್ರು. ಡ್ರೋನ್ ಬ್ಯಾಟರಿಯನ್ನು ತುಂಬಿಡಬಾರದು, ಬರಿದಾಗಿಯೂ ಇಡಬಾರದು, ಅರ್ಧದಲ್ಲಿಡಬೇಕು. ಈ ಲೇಖನದಲ್ಲಿ ಬೇರೆಲ್ಲ ಮರೆತರೂ ಇದೊಂದು ಮಾತು ನೆನಪಿರಲಿ.

ಹೀಗೇಕೆ ಎಂಬುದನ್ನು ತಿಳಿಯಲು ಅದರ ರಚನೆಯನ್ನು ಸ್ವಲ್ಪ ನೋಡಬೇಕು. ಡ್ರೋನಿನಲ್ಲಿರುವುದು ಲಿಥಿಯಂ ಬ್ಯಾಟರಿ. ಲೋಹಗಳಲ್ಲೆಲ್ಲ ಹಗುರವಾದದ್ದು ಲಿಥಿಯಂ. ಅದನ್ನು ಬಳಸಿದ, ಮತ್ತೆಮತ್ತೆ ತುಂಬಬಹುದಾದ ಬ್ಯಾಟರಿಯನ್ನು ಜಪಾನಿನ ಸೋನಿ ಕಂಪನಿಯು 1991ರಲ್ಲಿ ಮಾರುಕಟ್ಟೆಗೆ ತಂದಿತು. ಅದಕ್ಕೆ ತಳಹದಿ ಹಾಕಿದ ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್, ಜಾನ್ ಗುಡ್‌ಇನಫ್, ಅಕಿರಾ ಯೋಶಿನೋ ಎಂಬ ಮೂವರು ವಿಜ್ಞಾನಿಗಳಿಗೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಹುಮಾನ ಬಂದಿತು. ತಮ್ಮ ಮೊಬೈಲ್ ಫೋನಿನಲ್ಲಿರುವುದೂ ಇದೇ ಕುಲದ ಬ್ಯಾಟರಿ. ಡ್ರೋನಿನಲ್ಲಿ ಸಾಮಾನ್ಯವಾಗಿ ಬಳಸುವುದು ಲಿಥಿಯಂ ಪಾಲಿಮರ್ ಎಂಬ ಬಗೆ. ಇದರ ಕೋಶಗಳಿಗೆ ಗಟ್ಟಿಯಾದ ಲೋಹದ ಕವಚವಿಲ್ಲ. ತೆಳುವಾದ ಹಾಳೆಯ ಚೀಲದೊಳಗೆ ಪದರಪದರವಾಗಿ ಜೋಡಿಸಿ ಮುಚ್ಚಿರುತ್ತಾರೆ. ಪದರಗಳ ನಡುವೆ ಬೆಂಕಿ ಹತ್ತಬಲ್ಲ ದ್ರವವೊಂದಿರುತ್ತದೆ.

ಇಂಥ ಒಂದು ಕೋಶದ ಹೆಸರಿಗೆ ಹೇಳುವ ಶಕ್ತಿ 3.7 ವೋಲ್ಟು. ಪೂರ್ತಿ ತುಂಬಿದಾಗ 4.2 ವೋಲ್ಟು. 3 ವೋಲ್ಟಿಗಿಂತ ಕೆಳಗೆ ಇಳಿಯಬಾರದು. ತುಂಬಿದ ಸ್ಥಿತಿಯಲ್ಲಿ ಸುಮ್ಮನೆ ಇಟ್ಟರೆ ಒಳಗಿನ ದ್ರವವು ಫಲಕಗಳೊಡನೆ ನಿಧಾನವಾಗಿ ವರ್ತಿಸುತ್ತ ಕೆಡುತ್ತದೆ. ಅನಿಲ ಹುಟ್ಟಿ ಚೀಲ ಉಬ್ಬುತ್ತದೆ. ಬಿಸಿಲ ಕಾಲದಲ್ಲಿ ಈ ಕ್ರಿಯೆಗೆ ವೇಗ ಹೆಚ್ಚು. ಇನ್ನು ಬರಿದಾದ ಬ್ಯಾಟರಿಯನ್ನು ಇಟ್ಟರೆ ಅದು ತನ್ನಷ್ಟಕ್ಕೆ ಇನ್ನೂ ಇಳಿಯುತ್ತ ಹೋಗಿ, ಒಳಗಿನ ತಾಮ್ರದ ಹಾಳೆ ಕರಗತೊಡಗುತ್ತದೆ. ಅಂಥದನ್ನು ಮತ್ತೆ ತುಂಬಲು ಹೋದರೆ ಆ ತಾಮ್ರ ಎಲ್ಲೆಂದರಲ್ಲಿ ಕೂತು ಒಳಗೊಳಗೇ ಶಾರ್ಟ್ ಆಗುವ ಭಯವುಂಟು. ನಮ್ಮ ಹಿರಿಯರು ಬಿತ್ತನೆಯ ಬೀಜವನ್ನು ಹಸಿಯಾಗಿಯೂ ಇಡುತ್ತಿರಲಿಲ್ಲ, ಕಾದ ಜಾಗದಲ್ಲಿಯೂ ಇಡುತ್ತಿರಲಿಲ್ಲ. ಬೀಜ ಸತ್ತ ವಸ್ತುವಲ್ಲ, ಒಳಗೆ ಜೀವವಿದೆ ಎಂಬುದು ಅವರಿಗೆ ಗೊತ್ತಿತ್ತು. ಬ್ಯಾಟರಿಯೂ ಸುಮ್ಮನೆ ಕುಳಿತಿದ್ದಾಗ ಒಳಗೆ ಸುಮ್ಮನಿರುವುದಿಲ್ಲ.

ಔಷಧ ಸಿಂಪಡಿಸುವ ಡ್ರೋನಿನಲ್ಲಿ ಇಂಥ 12 ಕೋಶಗಳನ್ನು ಸಾಲಾಗಿ ಜೋಡಿಸಿರುವುದು ಸಾಮಾನ್ಯ. ಅಂದರೆ ಹೆಸರಿಗೆ 44.4 ವೋಲ್ಟು, ತುಂಬಿದಾಗ 50.4 ವೋಲ್ಟು. 16 ಆಂಪಿಯರ್-ಗಂಟೆಯ ಒಂದು ಸೆಟ್ಟಿನಲ್ಲಿ ಸುಮಾರು 710 ವಾಟ್-ಗಂಟೆಗಳಷ್ಟು ಶಕ್ತಿ ಅಡಗಿರುತ್ತದೆ. 10 ವಾಟಿನ 7 ಎಲ್‌ಇಡಿ ದೀಪಗಳನ್ನು ಇಡೀ ರಾತ್ರಿ, 10 ಗಂಟೆಗಳ ಕಾಲ, ಉರಿಸಲು ಸಾಕಾಗುವ ಶಕ್ತಿ ಅದು. ಇಷ್ಟೂ ಒಂದೇ ಗಳಿಗೆಯಲ್ಲಿ ಹೊರಬಿದ್ದರೆ ಏನಾದೀತೆಂದು ತಾವೇ ಊಹಿಸಬಹುದು.

ಈಗ ಕೆಲಸದ ಮಾತಿಗೆ ಬರೋಣ. ಒಂದು ಹಾರಾಟಕ್ಕೂ ಇನ್ನೊಂದು ಹಾರಾಟಕ್ಕೂ ನಡುವಿನ ಬಿಡುವು ಮೂರು ಬಗೆಯದು.

ಮೊದಲನೆಯದು ಹೊಲದಲ್ಲಿಯ ಬಿಡುವು. ಆಗತಾನೆ ಇಳಿದ ಡ್ರೋನಿನ ಬ್ಯಾಟರಿ ಕೈಗೆ ಬಿಸಿ ಹತ್ತುತ್ತದೆ. ಅದನ್ನು ಹಾಗೆಯೇ ಚಾರ್ಜರಿಗೆ ಹಾಕಬೇಡಿ. ಮರದ ನೆರಳಿನಲ್ಲಿ, ಗಾಳಿಯಾಡುವಲ್ಲಿ ಇಟ್ಟು, ಮುಟ್ಟಿದರೆ ಬಿಸಿ ತಿಳಿಯದಷ್ಟು ಆರಿದ ಮೇಲೆ ತುಂಬಿ. ಬಿಸಿಲಿಗೆ ಕಾದ ಎರೆಯ ನೆಲದ ಮೇಲಾಗಲಿ, ಗಾಜು ಏರಿಸಿದ ಜೀಪಿನಲ್ಲಾಗಲಿ ಬಿಡಬೇಡಿ. ಬೇಗ ಆರಲೆಂದು ನೀರು ಚಿಮುಕಿಸಬೇಡಿ. ಔಷಧದ ಹನಿ ಬಿದ್ದಿದ್ದರೆ ಒಣ ಬಟ್ಟೆಯಿಂದ ಒರೆಸಿ, ತುದಿಗಳಿಗೆ ಮುಚ್ಚಳ ಹಾಕಿ.

ಎರಡನೆಯದು ರಾತ್ರಿಯ ಬಿಡುವು. ನಾಳೆ ಬೆಳಿಗ್ಗೆ ಹಾರಿಸುವುದು ಖಂಡಿತವಾಗಿದ್ದರೆ ಈ ರಾತ್ರಿ ತುಂಬಿಡುವುದರಲ್ಲಿ ದೋಷವಿಲ್ಲ. ಆದರೆ ಚಾರ್ಜಿಗೆ ಹಾಕಿ ಮಲಗಬೇಡಿ. ಊಟದ ಹೊತ್ತಿಗೆ ಹಾಕಿ, ಎಚ್ಚರವಿರುವಾಗಲೇ ತುಂಬಿಸಿ ತೆಗೆಯಿರಿ. ಚಾರ್ಜರು ಆ ಬ್ಯಾಟರಿಗೆಂದೇ ಕೊಟ್ಟದ್ದಾಗಿರಬೇಕು. ಇನ್ವರ್ಟರಿನ ಅಥವಾ ಮೋಟಾರು ಬ್ಯಾಟರಿಯ ಚಾರ್ಜರನ್ನು ತಂತಿ ಕಟ್ಟಿ ಜೋಡಿಸುವ ಸಾಹಸ ಎಂದಿಗೂ ಕೂಡದು. ಅದಕ್ಕೆ ಒಂದೊಂದು ಕೋಶವನ್ನೂ ಬೇರೆಬೇರೆಯಾಗಿ ನೋಡಿ ಸಮವಾಗಿ ತುಂಬುವ ಶಕ್ತಿಯಿಲ್ಲ.

ಮೂರನೆಯದೇ ಮುಖ್ಯವಾದದ್ದು: ಎರಡು ಮೂರು ದಿನಕ್ಕಿಂತ ಹೆಚ್ಚಿನ ಬಿಡುವು. ಮಳೆ ಹಿಡಿದು ವಾರಗಟ್ಟಲೆ ಹಾರಾಟ ನಿಲ್ಲಬಹುದು. ಡಿಸೆಂಬರ್-ಜನವರಿಯಲ್ಲಿ ತೊಗರಿಯ ರಾಶಿಯಾದ ಮೇಲೆ ಮುಂದಿನ ಮುಂಗಾರಿನವರೆಗೆ ಕೆಲಸವೇ ಇಲ್ಲದಿರಬಹುದು. ಆಗ ಪ್ರತಿಯೊಂದು ಕೋಶವೂ 3.80ರಿಂದ 3.85 ವೋಲ್ಟಿನಲ್ಲಿರಬೇಕು. ಒಟ್ಟು ಲೆಕ್ಕ ಹೀಗೆ: 4 ಕೋಶದ ಬ್ಯಾಟರಿಗೆ 15.2ರಿಂದ 15.4, 6 ಕೋಶದ್ದಕ್ಕೆ 22.8ರಿಂದ 23.1; 12 ಕೋಶದ್ದಕ್ಕೆ 45.6ರಿಂದ 46.2 ವೋಲ್ಟು. ಒಳ್ಳೆಯ ಚಾರ್ಜರುಗಳಲ್ಲಿ 'ಸ್ಟೋರೇಜ್' ಎಂಬ ಗುಂಡಿಯೇ ಇರುತ್ತದೆ. ಅದನ್ನೊತ್ತಿದರೆ ಹೆಚ್ಚಿದ್ದುದನ್ನು ಇಳಿಸಿ, ಕಡಿಮೆಯಿದ್ದುದನ್ನು ಏರಿಸಿ ಅದೇ ನಿಲ್ಲುತ್ತದೆ. ಚಿತ್ರ ತೆಗೆಯುವ ಕೆಲವು ಡ್ರೋನುಗಳ ಬ್ಯಾಟರಿ ಕೆಲವು ದಿನಗಳ ನಂತರ ತಾನಾಗಿಯೇ ಇಳಿದುಕೊಳ್ಳುತ್ತದೆ. 4.2ಕ್ಕಿಂತ ಹೆಚ್ಚು ವೋಲ್ಟಿಗೆ ತುಂಬುವ ಕೋಶಗಳೂ ಉಂಟು. ಅಂಥವಕ್ಕೆ ಕಂಪನಿಯ ಕೈಪಿಡಿಯ ಲೆಕ್ಕವನ್ನೇ ಪಾಲಿಸತಕ್ಕದ್ದು.

ರೇಡಿಯೋವನ್ನು ಬಹಳ ದಿನ ಬಳಸದಿದ್ದಾಗ ಸೆಲ್ಲುಗಳನ್ನು ಹೊರಗೆ ತೆಗೆದಿಡಬೇಕೆಂಬುದು ತಮಗೆ ತಿಳಿದದ್ದೇ. ಇಲ್ಲಿಯೂ ಹಾಗೆಯೇ: ಡ್ರೋನಿನಿಂದ ಬ್ಯಾಟರಿಯನ್ನು ಬಿಡಿಸಿ ಬೇರೆ ಇಡಿ. ಯಂತ್ರ ಆರಿದ್ದರೂ ಅದರ ಒಳಗಿನ ಸಲಕರಣೆಗಳು ಸ್ವಲ್ಪಸ್ವಲ್ಪವೇ ವಿದ್ಯುತ್ತನ್ನು ಹೀರುತ್ತಿರಬಹುದು. ತಿಂಗಳಿಗೊಮ್ಮೆ ಹೊರತೆಗೆದು ಪ್ರತಿ ಕೋಶದ ವೋಲ್ಟನ್ನು ನೋಡಿ, ಇಳಿದಿದ್ದರೆ ಮತ್ತೆ ಅರ್ಧಕ್ಕೆ ತನ್ನಿ.

ಎಲ್ಲಿಡಬೇಕು? ಬೀದರ ಸೀಮೆಯಲ್ಲಿ ಏಪ್ರಿಲ್-ಮೇ ತಿಂಗಳ ಬಿಸಿಲು 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ತಗಡಿನ ಶೆಡ್ಡಿನಲ್ಲಿ ಅದಕ್ಕೂ ಹೆಚ್ಚು. ಬ್ಯಾಟರಿಗೆ ಹಿತವಾದದ್ದು 25 ಡಿಗ್ರಿಯ ಆಸುಪಾಸು. ಆದುದರಿಂದ ಹೊಲದ ಶೆಡ್ಡು, ಮಾಳಿಗೆಯ ಮೇಲಿನ ಕೋಣೆ, ಕಿಟಕಿಯ ಬದಿ ಇವೆಲ್ಲ ಬೇಡ. ನಮ್ಮ ಹಳೆಯ ಕೆಂಪು ಕಲ್ಲಿನ ಮನೆಗಳ ದಪ್ಪ ಗೋಡೆಯ ಕೋಣೆ, ಹಗಲೆಲ್ಲ ನೆರಳಿರುವಂಥದು, ಇದಕ್ಕೆ ಬಲು ಉತ್ತಮ. ತಂಪಿರಲಿ ಎಂದು ಅಡಿಗೆಮನೆಯ ಫ್ರಿಜ್ಜಿನಲ್ಲಿಡುವವರೂ ಇದ್ದಾರೆ. ಅದು ಸಲ್ಲದು. ಹೊರತೆಗೆದೊಡನೆ ಅದರ ಮೇಲೆ ಹನಿಗೂಡಿ ತೇವ ತುದಿಗಳಿಗೆ ಇಳಿಯುತ್ತದೆ. ತಿನ್ನುವ ಪದಾರ್ಥದ ಜೊತೆ ಅದಕ್ಕೆ ಜಾಗವೂ ಅಲ್ಲ.

ಕಲ್ಲು ಹಾಸಿದ ನೆಲದ ಮೇಲೆ ತಗಡಿನ ಟ್ರಂಕೊಂದನ್ನಿಟ್ಟು, ತಳಕ್ಕೆ ಒಣಮರಳು ಹರಡಿ, ಬ್ಯಾಟರಿಗಳನ್ನು ಒಂದಕ್ಕೊಂದು ತಾಗದಂತೆ ಇರಿಸಬಹುದು. ತುದಿಗಳು ಲೋಹಕ್ಕೆ ಮುಟ್ಟದಂತೆ ಮುಚ್ಚಳವಿರಲಿ. ಟ್ರಂಕನ್ನು ಗಾಳಿಯಾಡದಂತೆ ಬಿಗಿಯಬೇಡಿ. ಒಳಗೆ ಅನಿಲ ಹುಟ್ಟಿದರೆ ಹೊರಹೋಗಲು ಸಂದಿ ಬೇಕು. ಹತ್ತಿರ ಗ್ಯಾಸ್ ಸಿಲಿಂಡರ್, ಹತ್ತಿ, ಹಾಸಿಗೆ, ಕೀಟನಾಶಕದ ಡಬ್ಬಿ ಯಾವುದೂ ಇರಕೂಡದು. ಮಲಗುವ ಕೋಣೆಯೂ, ಹೊರಬಾಗಿಲಿಗೆ ಹೋಗುವ ದಾರಿಯೂ ಇದಕ್ಕೆ ತಕ್ಕ ಸ್ಥಳವಲ್ಲ. ಹೊತ್ತಿಕೊಂಡರೆ ಮನೆಯವರು ಹೊರಗೆ ಓಡುವ ದಾರಿಯೇ ಮುಚ್ಚಿಹೋದೀತು. ಮಕ್ಕಳ ಕೈಗೆ ಎಟುಕದಂತಿರಲಿ.

ಬ್ಯಾಟರಿಗೆ ರೋಗ ಬಂದುದನ್ನು ತಿಳಿಯುವುದು ಕಷ್ಟವಲ್ಲ. ಹೊಟ್ಟೆ ಉಬ್ಬಿರುವುದು, ಚೀಲ ತಗ್ಗುಬಿದ್ದು ಅಥವಾ ಹರಿದಿರುವುದು, ಸಿಹಿಯಾದ ಒಂದು ಬಗೆಯ ವಾಸನೆ, ಸುಮ್ಮನಿದ್ದಾಗಲೇ ಬಿಸಿಯಾಗುವುದು, ಒಂದು ಕೋಶ ಮಾತ್ರ ಉಳಿದವುಗಳಿಗಿಂತ ಬಹಳ ಇಳಿದಿರುವುದು ಇವೇ ಲಕ್ಷಣಗಳು. ಉಬ್ಬಿದ್ದನ್ನು ಸೂಜಿಯಿಂದ ಚುಚ್ಚಿ ಗಾಳಿ ಬಿಡುವುದು ಬೆಂಕಿಯನ್ನು ಕರೆದಂತೆ. ಅಂಥದನ್ನು ತುಂಬಲೂ ಬೇಡಿ, ಹಾರಿಸಲೂ ಬೇಡಿ. ಮನೆಯಿಂದ ದೂರ, ಬಯಲಿನಲ್ಲಿ ನೆರಳಿಗಿಟ್ಟು, ಮಾರಿದವರನ್ನು ಕರೆಯಿರಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಯನ್ನು ಹಿಂದೆ ಪಡೆದು ವಿಲೇವಾರಿ ಮಾಡಿಸುವ ಹೊಣೆ ಅದನ್ನು ತಯಾರಿಸಿದ ಅಥವಾ ಆಮದು ಮಾಡಿದ ಕಂಪನಿಯದು. ತಿಪ್ಪೆಗೂ ಗುಜರಿಗೂ ಹಾಕುವಂತಿಲ್ಲ.

ಹೊಗೆಯೋ ಬೆಂಕಿಯೋ ಕಂಡರೆ ಮೊದಲು ಜನ ಹೊರಗೆ ಬರಬೇಕು. ಆ ಹೊಗೆ ವಿಷಮಯ, ಅದನ್ನು ಉಸಿರಾಡಬಾರದು. ಚಾರ್ಜಿನಲ್ಲಿದ್ದರೆ, ಹತ್ತಿರ ಹೋಗದೆ ಸಾಧ್ಯವಾದಲ್ಲಿ, ಮೇನ್ ಸ್ವಿಚ್ಚು ತೆಗೆಯಿರಿ. 112ಕ್ಕೆ ಕರೆ ಮಾಡಿ. ಮೇಲೆ ಗೋಣಿಚೀಲ ಮುಚ್ಚಿದರೆ ಈ ಬೆಂಕಿ ಆರುವುದಿಲ್ಲ. ಒಂದು ಕೋಶದ ಉರಿ ಪಕ್ಕದ ಕೋಶವನ್ನು ಕಾಯಿಸಿ ಹೊತ್ತಿಸುತ್ತ ಹೋಗುತ್ತದೆ. ಅದನ್ನು ತಣಿಸಬಲ್ಲದ್ದು ದೂರದಿಂದ ಸುರಿಯುವ ಧಾರಾಳ ನೀರು. ಆರಿತೆಂದು ಕಂಡ ಮೇಲೂ ಗಂಟೆಗಳ ನಂತರ ಮತ್ತೆ ಹೊತ್ತಬಹುದಾದ್ದರಿಂದ ಒಳಗೆ ತರಬಾರದು.

ಸ್ವಸಹಾಯ ಸಂಘದ ಅಕ್ಕತಂಗಿಯರಿಗೆ ಕೊನೆಯದಾಗಿ ಒಂದು ಸೂಚನೆ. ಉಳಿತಾಯದ ಲೆಕ್ಕವನ್ನು ಪೈಸೆ ತಪ್ಪದಂತೆ ಬರೆದಿಡುವ ಶಿಸ್ತು ತಮ್ಮಲ್ಲಿದೆ. ಹಾಗೆಯೇ ಬ್ಯಾಟರಿಗೂ ಒಂದು ನೋಟುಬುಕ್ಕು ಇರಲಿ. ಐದು ಸೆಟ್ಟಿಗೂ 1ರಿಂದ 5ರವರೆಗೆ ಸಂಖ್ಯೆ ಬರೆದು, ಸರದಿಯ ಮೇಲೆ ಬಳಸಿ, ಯಾವ ದಿನ ಎಷ್ಟು ಬಾರಿ ತುಂಬಿದಿರಿ, ಬಿಡುವಿಗೆ ಎಷ್ಟು ವೋಲ್ಟಿನಲ್ಲಿಟ್ಟಿರಿ ಎಂದು ಗುರುತು ಹಾಕಿ. ಒಂದೊಂದು ಸೆಟ್ಟಿನ ಬೆಲೆಯೂ ಹತ್ತಾರು ಸಾವಿರ ರೂಪಾಯಿ. ಸಾಲದ ಕಂತು ತೀರುವ ಮೊದಲೇ ಬ್ಯಾಟರಿ ಉಬ್ಬಿಕೊಂಡರೆ ಡ್ರೋನ್ ಇದ್ದೂ ಇಲ್ಲದಂತೆ. ಸುಗ್ಗಿ ಮುಗಿದ ದಿನ ಐದನ್ನೂ ಅರ್ಧಕ್ಕೆ ತಂದು ತಂಪಾದ ಕೋಣೆಗೆ ಸೇರಿಸಿದ ಸಂಘಕ್ಕೆ ಮುಂದಿನ ಮೃಗಶಿರ ಮಳೆಯ ಹೊತ್ತಿಗೆ ಹೊಸ ಬ್ಯಾಟರಿಗೆ ಹಣ ಹೊಂದಿಸುವ ಚಿಂತೆ ಬಹುಮಟ್ಟಿಗೆ ತಪ್ಪುತ್ತದೆ.