ಅಗ್ಗದ ಪೀಠೋಪಕರಣ ಮತ್ತು ಸ್ವೀಡನ್ನಿನ ಜನಜೀವನ: ಐಕಿಯಾ ಸಂಸ್ಥೆಯ ಬೆಳವಣಿಗೆಯ ಕೆಲವು ಅಂಶಗಳು

ಸ್ವೀಡನ್ ದೇಶದ ದಕ್ಷಿಣ ಭಾಗದಲ್ಲಿ ಸ್ಮೋಲಂಡ್ ಎಂಬ ಪ್ರಾಂತವುಂಟು. ಅಲ್ಲಿಯ ನೆಲದಲ್ಲಿ ಮಣ್ಣಿಗಿಂತ ಕಲ್ಲೇ ಹೆಚ್ಚೆಂದು ತೋರುತ್ತದೆ. ರೈತರು ತಲೆತಲಾಂತರದಿಂದ ಹೊಲಗಳಲ್ಲಿ ಆಯ್ದು ತೆಗೆದ ಕಲ್ಲುಗಳು ಉದ್ದುದ್ದದ ಗೋಡೆಗಳಾಗಿ ಇಂದಿಗೂ ಕಾಡುಗಳ ನಡುವೆ ನಿಂತಿವೆ. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಿಂದ 1930ರ ವರೆಗೆ ಸ್ವೀಡನ್ನಿನಿಂದ ಅಮೆರಿಕೆಗೆ ವಲಸೆಹೋದ 12 ಲಕ್ಷಕ್ಕೂ ಮೀರಿದ ಜನರಲ್ಲಿ ಈ ಪ್ರಾಂತದವರ ಪಾಲು ದೊಡ್ಡದು. ಹಿಂದೆ ಉಳಿದವರು ಇದ್ದುದರಲ್ಲಿಯೇ ಸಂಸಾರ ತೂಗಿಸುವ ಜಾಣ್ಮೆಗೂ, ಅದರೊಡನೆ ಸ್ವಲ್ಪ ಕೈಬಿಗಿತಕ್ಕೂ ಹೆಸರಾದರು. ಐಕಿಯಾ ಸಂಸ್ಥೆ ಹುಟ್ಟಿದುದು ಈ ನೆಲದಲ್ಲಿ. ಅದನ್ನು ಸ್ವೀಡಿಷ್ ಸಂಸ್ಕೃತಿಯ ಪ್ರತಿಬಿಂಬವೆಂದು ಕರೆಯುವುದು ವಾಡಿಕೆಯಾಗಿದೆ. ಮಾತು ಸುಳ್ಳಲ್ಲ. ಆದರೆ ಆ ಬಿಂಬ ಯಾವಾಗ, ಯಾವ ಅಗತ್ಯಕ್ಕಾಗಿ ಮೂಡಿತೆಂದು ವಿಚಾರಿಸಿದರೆ ವಿಷಯವು ಅಷ್ಟು ಸರಳವಲ್ಲವೆಂದು ಕಂಡುಬರುತ್ತದೆ.

ಸಂಸ್ಥಾಪಕ ಇಂಗ್ವಾರ್ ಕಾಂಪ್ರಾಡ್ 1926ರಲ್ಲಿ ಜನಿಸಿದನು. ಬಾಲ್ಯದಲ್ಲಿಯೇ ಬೆಂಕಿಪೊಟ್ಟಣಗಳನ್ನು ಸಗಟಾಗಿ ತರಿಸಿ ನೆರೆಹೊರೆಯವರಿಗೆ ಬಿಡಿಯಾಗಿ ಮಾರುತ್ತಿದ್ದ ಈತನು 1943ರಲ್ಲಿ, ತನ್ನ ಹದಿನೇಳನೆಯ ವಯಸ್ಸಿನಲ್ಲಿ, ವ್ಯಾಪಾರವನ್ನು ನೋಂದಾಯಿಸಿದನು. ತನ್ನ ಹೆಸರಿನ ಎರಡು ಆದ್ಯಕ್ಷರಗಳಿಗೆ ಎಲ್ಮ್‌ಟಾರಿಡ್ ಎಂಬ ತಮ್ಮ ಜಮೀನಿನ ಮತ್ತು ಅಗುನ್ನಾರಿಡ್ ಎಂಬ ಗ್ರಾಮದ ಆದ್ಯಕ್ಷರಗಳನ್ನು ಸೇರಿಸಲು ಐಕಿಯಾ ಎಂಬ ಹೆಸರಾಯಿತು. ಊರಿನ ಹೆಸರನ್ನು ತನ್ನ ಹೆಸರಿಗೆ ಕಟ್ಟಿಕೊಳ್ಳುವ ಈ ಪದ್ಧತಿ ಕನ್ನಡಿಗರಿಗೆ ಅಪರಿಚಿತವಲ್ಲ. ಮೊದಲು ಮಾರಿದುದು ಲೇಖನಿ ಮುಂತಾದ ಸಣ್ಣ ಸಾಮಾನುಗಳನ್ನು. 1948ರಲ್ಲಿ ಸುತ್ತಲಿನ ಸಣ್ಣ ಕಾರ್ಖಾನೆಗಳ ಮೇಜು ಕುರ್ಚಿಗಳು ಸೇರಿಕೊಂಡವು; 1951ರಲ್ಲಿ ಬೆಲೆಪಟ್ಟಿಯ ಪುಸ್ತಕ ಬಂದಿತು. ಅಂಚೆಯ ಮೂಲಕ ನಡೆಯುತ್ತಿದ್ದ ವ್ಯಾಪಾರದಲ್ಲಿ ಬೆಲೆಯ ಪೈಪೋಟಿ ಹೆಚ್ಚಿ ಸರಕಿನ ಗುಣ ಕುಸಿಯತೊಡಗಿದಾಗ, ಜನ ಮುಟ್ಟಿ ನೋಡಿ ಕೊಳ್ಳಲೆಂದು 1953ರಲ್ಲಿ ಎಲ್ಮ್‌ಹುಲ್ಟ್ ಎಂಬ ಊರಿನಲ್ಲಿ ಒಂದು ಪ್ರದರ್ಶನಶಾಲೆಯನ್ನು ತೆರೆಯಲಾಯಿತು.

ಇಷ್ಟರಿಂದಲೇ ಸಂಸ್ಥೆಯ ಏಳಿಗೆಯನ್ನು ವಿವರಿಸಲಾಗದು. ಅದಕ್ಕೆ ಅನುಕೂಲವಾದ ಭೂಮಿಯನ್ನು ಬೇರೆಯವರು ಹದಮಾಡಿದ್ದರು. ಎಲೆನ್ ಕೇ ಎಂಬ ಲೇಖಕಿ 1899ರಲ್ಲಿಯೇ ಸೌಂದರ್ಯವು ಎಲ್ಲರಿಗೂ ಸಲ್ಲಬೇಕಾದುದೆಂದು ವಾದಿಸಿದ್ದಳು. ನಿತ್ಯ ಬಳಕೆಯ ವಸ್ತುಗಳು ಇನ್ನೂ ಚೆಲುವಾಗಿರಬೇಕೆಂದು ಗ್ರೆಗೋರ್ ಪಾಲ್ಸನ್ 1919ರಲ್ಲಿ ಬರೆದನು. 1928ರಲ್ಲಿ ಸಮಾಜವಾದಿ ನಾಯಕ ಪೇರ್ ಆಲ್ಬಿನ್ ಹಾನ್ಸನ್ ಪಾರ್ಲಿಮೆಂಟಿನಲ್ಲಿ ರಾಷ್ಟ್ರವನ್ನು ‘ಜನರ ಮನೆ’ಗೆ ಹೋಲಿಸಿದನು: ಒಳ್ಳೆಯ ಮನೆಯಲ್ಲಿ ಮುದ್ದಿನ ಮಗನೂ ಇಲ್ಲ, ಮಲಮಗನೂ ಇಲ್ಲವೆಂಬುದು ಅವನ ಅಭಿಪ್ರಾಯ. 1930ರ ಸ್ಟಾಕ್‌ಹೋಮ್ ಪ್ರದರ್ಶನದಲ್ಲಿ ಅಲಂಕಾರವಿಲ್ಲದ, ಹಗುರವಾದ, ಬೆಳಕಿಗೆ ತೆರೆದ ಮನೆಗಳ ಮಾದರಿಗಳು ಜನರ ಮುಂದೆ ಬಂದವು. ಆದರೆ ಈ ಸುಧಾರಕರ ಶ್ರಮವೆಲ್ಲವೂ ಒಂದು ಕಡೆ ಎಡವುತ್ತಿತ್ತು. ಯಾರಿಗಾಗಿ ಅವರು ಕುರ್ಚಿಯನ್ನು ಕಲ್ಪಿಸಿದರೋ ಆ ಕೂಲಿಕಾರನ ಸಂಬಳಕ್ಕೆ ಅದು ನಿಲುಕುತ್ತಿರಲಿಲ್ಲ. ಬಿಡಿಭಾಗಗಳಾಗಿ ಕೊಂಡೊಯ್ದು ಮನೆಯಲ್ಲಿ ಜೋಡಿಸುವ ಪೀಠೋಪಕರಣವನ್ನು ಸ್ಟಾಕ್‌ಹೋಮಿನ ಎನ್‌ಕೆ ಎಂಬ ದೊಡ್ಡ ಮಳಿಗೆ 1940ರ ದಶಕದಲ್ಲಿಯೇ ಮಾರಿತ್ತು. ಅದೂ ಸಾಮಾನ್ಯ ಜನರ ಸರಕಾಗಲಿಲ್ಲ. ಆದ್ದರಿಂದ ಐಕಿಯಾದ ಹಿರಿಮೆಯನ್ನು ಹೊಸ ಕಲ್ಪನೆಯಲ್ಲಿ ಹುಡುಕುವುದು ಸರಿಯಲ್ಲ. ಕಲ್ಪನೆ ಅನ್ಯರದು, ಲೆಕ್ಕ ಕಾಂಪ್ರಾಡನದು.

1956ರಲ್ಲಿ ನಡೆದ ಒಂದು ಸಣ್ಣ ಘಟನೆಯನ್ನು ಸಂಸ್ಥೆಯ ಚರಿತ್ರೆಯಲ್ಲಿ ತಪ್ಪದೆ ಹೇಳುತ್ತಾರೆ. ಗಿಲ್ಲಿಸ್ ಲುಂಡ್‌ಗ್ರೆನ್ ಎಂಬ ನೌಕರನು ಎಲೆಯಾಕಾರದ ಮೇಜೊಂದನ್ನು ಕಾರಿನಲ್ಲಿ ಇಡಲು ಹೋದಾಗ ಅದು ಹಿಡಿಸಲಿಲ್ಲ. ಕಾಲುಗಳನ್ನು ಕಳಚಿ ಚಪ್ಪಟೆಯಾಗಿ ಇಟ್ಟನು. ಪೀಠೋಪಕರಣವನ್ನು ಸಾಗಿಸುವವನು ಹೆಚ್ಚಿನ ಪಾಲು ಗಾಳಿಯನ್ನೇ ಸಾಗಿಸುತ್ತಾನೆ. ಕಾಲುಗಳ ನಡುವಣ ಬಯಲಿಗೂ ಕಪಾಟಿನ ಒಳಗಣ ಬಯಲಿಗೂ ಬಾಡಿಗೆ ತೆರಬೇಕು. ಚಪ್ಪಟೆ ಪೆಟ್ಟಿಗೆಯಿಂದ ಆ ಬಾಡಿಗೆ ಉಳಿಯಿತು. ದಾರಿಯಲ್ಲಿ ಮುರಿಯುವುದು ಕಡಮೆಯಾಯಿತು. ಜೋಡಿಸುವ ಕೆಲಸವು ಕಾರ್ಖಾನೆಯಿಂದ ಗಿರಾಕಿಯ ಮನೆಗೆ ಸರಿಯಿತು. ಈ ಕಡೆಯ ಉಳಿತಾಯವು ಸ್ವೀಡನ್ನಿನಲ್ಲಿ ವಿಶೇಷವಾಗಿ ಬೆಲೆಯುಳ್ಳದ್ದು. ಬಡಗಿಯ ಕೂಲಿ ಹೆಚ್ಚಾದ, ಮನೆಯ ಯಜಮಾನನೇ ತಿರುಪು ಬಿಗಿಯುವುದರಲ್ಲಿ ಯಾವ ಕೀಳರಿಮೆಯೂ ಇಲ್ಲದ ಸಮಾಜದಲ್ಲಿ ಮಾತ್ರ ಈ ಲೆಕ್ಕ ಪೂರ್ತಿಯಾಗಿ ಕೂಡಿಬರುತ್ತದೆ. ಸಮತೆಯೆಂಬುದು ಇಲ್ಲಿ ಭಾಷಣದ ವಿಷಯವಾಗಿ ಉಳಿಯದೆ ಬೆಲೆಪಟ್ಟಿಯ ಒಂದು ಅಂಶವೇ ಆಗಿದೆ.

ಸ್ವದೇಶದ ವರ್ತಕರು ಈ ಅಗ್ಗವನ್ನು ಸಹಿಸಲಿಲ್ಲ. 1950ರ ದಶಕದಲ್ಲಿ ಅವರ ಸಂಘಗಳು ಐಕಿಯಾಕ್ಕೆ ವ್ಯಾಪಾರ ಮೇಳಗಳಲ್ಲಿ ಪ್ರವೇಶ ತಪ್ಪಿಸಿದವು. ಸರಕು ಒದಗಿಸದಂತೆ ಕಾರ್ಖಾನೆಗಳ ಮೇಲೆ ಒತ್ತಾಯ ತಂದವು. ಈ ಬಹಿಷ್ಕಾರದ ಎರಡು ಫಲಗಳು ಬಹಿಷ್ಕರಿಸಿದವರು ನಿರೀಕ್ಷಿಸಿದುವಲ್ಲ. ಒಂದು, ಪರರ ಮಾದರಿಗಳು ದೊರೆಯದೆ ಸಂಸ್ಥೆಯು ತನ್ನವೇ ಆದ ಮಾದರಿಗಳನ್ನು ರಚಿಸತೊಡಗಿತು. ಮತ್ತೊಂದು, 1961ರಲ್ಲಿ ಕಾಂಪ್ರಾಡನು ಬಾಲ್ಟಿಕ್ ಸಮುದ್ರವನ್ನು ದಾಟಿ ಕಮ್ಯುನಿಸ್ಟ್ ಪೋಲೆಂಡಿನ ಕಾರ್ಖಾನೆಗಳಲ್ಲಿ ಕುರ್ಚಿಗಳನ್ನು ಮಾಡಿಸತೊಡಗಿದನು. ‘ಸ್ವೀಡಿಷ್’ ಕುರ್ಚಿ ಪೋಲಿಷ್ ಕೂಲಿಯಿಂದ ಅಗ್ಗವಾಯಿತು. 1964ರಲ್ಲಿ ಸ್ವೀಡನ್ನಿನ ಗೃಹಪತ್ರಿಕೆಯೊಂದು ದುಬಾರಿ ಪೀಠೋಪಕರಣಗಳೊಡನೆ ಐಕಿಯಾದವನ್ನು ಹೋಲಿಸಿ ಪರೀಕ್ಷಿಸಿ, ಗುಣದಲ್ಲಿ ಇವು ಕಡಮೆಯಲ್ಲವೆಂದು ಪ್ರಕಟಿಸಿತು. ಅಗ್ಗದ ವಸ್ತುವನ್ನು ಕೊಳ್ಳಲು ನಾಚುತ್ತಿದ್ದ ಮಧ್ಯಮವರ್ಗದ ಸಂಕೋಚ ಆಮೇಲೆ ಸಡಿಲಿತು.

1965ರಲ್ಲಿ ಸ್ಟಾಕ್‌ಹೋಮಿನ ಹೊರವಲಯದಲ್ಲಿ ಬೃಹತ್ ಮಳಿಗೆಯೊಂದು ತೆರೆಯಿತು. ಹತ್ತು ವರ್ಷಗಳಲ್ಲಿ ಹತ್ತು ಲಕ್ಷ ಮನೆಗಳನ್ನು ಕಟ್ಟಿಸುವ ಸರ್ಕಾರದ ಯೋಜನೆ ಆರಂಭವಾದುದೂ ಅದೇ ವರ್ಷ. ರಾಜ್ಯವು ಗೋಡೆಗಳನ್ನು ಕೊಟ್ಟಿತು, ಐಕಿಯಾ ಒಳಗಣ ಸಾಮಾನನ್ನು ಕೊಟ್ಟಿತು ಎಂದರೆ ಅತಿಶಯೋಕ್ತಿಯಾಗಲಾರದು. ಆ ಮಳಿಗೆ 1970ರಲ್ಲಿ ಬೆಂಕಿಗೆ ಸಿಕ್ಕಿ ಮರುವರ್ಷ ಮತ್ತೆ ತೆರೆದಾಗ ಗಿರಾಕಿಗಳೇ ಗೋದಾಮಿನಿಂದ ಸರಕನ್ನು ಆಯ್ದುಕೊಳ್ಳುವ ಏರ್ಪಾಡು ಜಾರಿಗೆ ಬಂದಿತು.

ಹೆಸರುಗಳ ವಿಷಯವನ್ನೂ ಇಲ್ಲಿ ಹೇಳಬೇಕು. ಕಾಂಪ್ರಾಡನಿಗೆ ಅಕ್ಷರ ಅಂಕಿಗಳನ್ನು ಓದಿ ನೆನಪಿಡುವುದರಲ್ಲಿ ಜನ್ಮತಃ ತೊಡಕಿದ್ದಿತು. ಸಂಖ್ಯೆಗಳಿಗೆ ಬದಲಾಗಿ ಸರಕಿಗೆ ಹೆಸರಿಡುವ ಪದ್ಧತಿ ಹುಟ್ಟಿದುದು ಅದರಿಂದ: ಸೋಫಾಗಳಿಗೆ ಸ್ವೀಡನ್ನಿನ ಊರುಗಳು, ಹಾಸಿಗೆಯ ಮಂಚಗಳಿಗೆ ನಾರ್ವೆಯ ಸ್ಥಳಗಳು, ಸ್ನಾನಗೃಹದ ಸಾಮಾನಿಗೆ ಕೆರೆ ಹೊಳೆಗಳು. 1979ರಲ್ಲಿ ಬಂದ ಪುಸ್ತಕದ ಕಪಾಟು ‘ಬಿಲ್ಲಿ’ ಎಂಬ ಹೆಸರಿನಿಂದಲೇ ಲೋಕವನ್ನು ಸುತ್ತಿತು. ಒಬ್ಬ ಮನುಷ್ಯನ ಅನನುಕೂಲವನ್ನು ನೀಗಿಸಲು ಹೊರಟ ಉಪಾಯವು ಒಂದು ದೇಶದ ಭೂಗೋಳವನ್ನು ಪರದೇಶದ ಮನೆಮನೆಗೆ ತಲಪಿಸಿತು.

ಇನ್ನು ಸಂಸ್ಥೆಯ ಸ್ವೀಡಿಷ್‌ತನದ ಬಾಹ್ಯ ಚಿಹ್ನೆಗಳು. ಮೊದಲಿನ ಲಾಂಛನದಲ್ಲಿ ಕೆಂಪು ಬಿಳಿ ಬಣ್ಣಗಳಿದ್ದುವು. ಸ್ವೀಡನ್ನಿನ ಧ್ವಜದ ನೀಲಿ ಹಳದಿಗಳು ಅದರಲ್ಲಿ ನೆಲೆಗೊಂಡುದು 1980ರ ದಶಕದಲ್ಲಿ. ಸ್ವಿಟ್ಸರ್ಲೆಂಡಿಗೆ 1973ರಲ್ಲಿ, ಪಶ್ಚಿಮ ಜರ್ಮನಿಗೆ 1974ರಲ್ಲಿ ಕಾಲಿಟ್ಟ ಮೇಲೆ ತಾನು ಸ್ವೀಡನ್ನಿನದೆಂದು ಹೇಳಿಕೊಳ್ಳುವ ಅಗತ್ಯ ಬಿದ್ದಿತು. ಜರ್ಮನಿಯ ಜಾಹೀರಾತುಗಳಲ್ಲಿ ಉತ್ತರದ ಕಾಡಿನ ಎಲ್ಕ್ ಮೃಗ ಕಾಣಿಸಿಕೊಂಡಿತು. ಮಳಿಗೆಗಳಲ್ಲಿ ಸ್ವೀಡಿಷ್ ಮಾಂಸದುಂಡೆ ಬೇಯತೊಡಗಿತು. ಮಕ್ಕಳ ಆಟದ ಕೋಣೆಗೆ ಸ್ಮೋಲಂಡ್ ಎಂದೇ ಹೆಸರಾಯಿತು. 1976ರಲ್ಲಿ ಕಾಂಪ್ರಾಡನು ‘ಪೀಠೋಪಕರಣ ವರ್ತಕನ ಉಯಿಲು’ ಎಂಬ ಕಿರುಹೊತ್ತಗೆಯಲ್ಲಿ ಮಿತವ್ಯಯವನ್ನೂ ಸರಳತೆಯನ್ನೂ ನೌಕರರಿಗೆ ವಿಧಿಸಿದನು. ಇದರೊಡನೆ ಮತ್ತೊಂದು ಸಂಗತಿಯನ್ನು ಇಟ್ಟು ನೋಡಬೇಕು: ಅವನು 1973ರಲ್ಲಿಯೇ ಸ್ವೀಡನ್ನಿನ ತೆರಿಗೆಯಿಂದ ದೂರವಾಗಿ ಡೆನ್ಮಾರ್ಕಿಗೆ, ಆಮೇಲೆ ಸ್ವಿಟ್ಸರ್ಲೆಂಡಿಗೆ ವಾಸ ಬದಲಾಯಿಸಿದ್ದನು, 1982ರಲ್ಲಿ ಒಡೆತನವು ನೆದರ್ಲೆಂಡಿನ ಪ್ರತಿಷ್ಠಾನಕ್ಕೆ ಸೇರಿತು. ‘ಜನರ ಮನೆ’ಯ ಆದರ್ಶದಿಂದ ಬೆಳೆದ ಸಂಸ್ಥೆ ಆ ಮನೆಯ ಖರ್ಚಿಗೆ ಪೂರ್ಣ ಪಾಲು ಕೊಡಲು ಒಪ್ಪಲಿಲ್ಲ. ಧ್ವಜದ ಬಣ್ಣ ಗಾಢವಾದುದು ಸಂಸ್ಥೆ ದೇಶವನ್ನು ಬಿಟ್ಟ ಬಳಿಕ.

ಅಗ್ಗದ ಬೆಲೆಯ ಉಳಿದ ಭಾಗವನ್ನು ಯಾರು ತೆತ್ತರೆಂಬ ಪ್ರಶ್ನೆಯೂ ಇದೆ. ಪೂರ್ವ ಜರ್ಮನಿಯಲ್ಲಿ ರಾಜಕೀಯ ಕೈದಿಗಳ ದುಡಿಮೆ ಸಂಸ್ಥೆಯ ಸರಕಿನಲ್ಲಿ ಸೇರಿದ್ದಿತೆಂದು 2012ರ ವರದಿಯೊಂದು ತಿಳಿಸಲು, ಐಕಿಯಾ ವಿಷಾದ ಸೂಚಿಸಿತು. 2024ರಲ್ಲಿ ಅದರ ಜರ್ಮನ್ ಶಾಖೆ ಅಂಥವರ ಪರಿಹಾರನಿಧಿಗೆ 60 ಲಕ್ಷ ಯೂರೋ ಕೊಡಲು ಒಪ್ಪಿತು. ಕಾಂಪ್ರಾಡನು ಯೌವನದಲ್ಲಿ ಸ್ವೀಡನ್ನಿನ ಫ್ಯಾಸಿಸ್ಟರೊಡನೆ ಇರಿಸಿಕೊಂಡಿದ್ದ ಸಂಬಂಧ 1994ರಲ್ಲಿ ಬಯಲಾದಾಗ ಅದನ್ನು ತನ್ನ ಬಾಳಿನ ದೊಡ್ಡ ತಪ್ಪೆಂದು ಒಪ್ಪಿಕೊಂಡನು. 2014ರಲ್ಲಿ ಸ್ವೀಡನ್ನಿಗೆ ಮರಳಿ, 2018ರ ಜನವರಿಯಲ್ಲಿ ಸ್ಮೋಲಂಡಿನಲ್ಲಿಯೇ ತೀರಿಕೊಂಡನು.

ಅದೇ ವರ್ಷದ ಆಗಸ್ಟ್ ತಿಂಗಳಲ್ಲಿ ಹೈದರಾಬಾದಿನಲ್ಲಿ ಭಾರತದ ಮೊದಲ ಮಳಿಗೆ ತೆರೆಯಿತು. 2022ರ ಜೂನ್ ತಿಂಗಳಲ್ಲಿ ಬೆಂಗಳೂರಿನ ನಾಗಸಂದ್ರದಲ್ಲಿ ಮತ್ತೊಂದು. ಹೈದರಾಬಾದಿನಲ್ಲಿ ಗೋಮಾಂಸ ಹಂದಿಮಾಂಸಗಳನ್ನು ಬಿಟ್ಟು ಕೋಳಿಯ ಮತ್ತು ತರಕಾರಿಯ ಉಂಡೆಗಳನ್ನು ಬಡಿಸಿದರು. ಅಡಿಗೆಯ ಬದಲಾವಣೆ ಸುಲಭ. ಲೆಕ್ಕದ ಬದಲಾವಣೆ ಕಷ್ಟ. ಬಡಗಿಯ ಕೂಲಿ ಕಡಮೆಯಾದ ದೇಶದಲ್ಲಿ, ತಿರುಪು ಬಿಗಿಯುವುದು ಪರರ ಕೆಲಸವೆಂದು ಭಾವಿಸುವ ಮನೆಗಳಲ್ಲಿ, ಗಿರಾಕಿಯ ದುಡಿಮೆಯಿಂದ ಬರುವ ಉಳಿತಾಯಕ್ಕೆ ಆಧಾರ ಸಡಿಲ. ಸಂಸ್ಥೆ ಇದನ್ನು ಮೊದಲೇ ಅರಿತಿದ್ದಿತು. ಚಪ್ಪಟೆ ಪೆಟ್ಟಿಗೆಯನ್ನು ಕೊಂಡವರು ಬಯಸಿದರೆ ಮನೆಗೆ ಆಳು ಬಂದು ಕಪಾಟನ್ನು ಜೋಡಿಸಿ ಹೋಗುತ್ತಾನೆ. ಅದಕ್ಕೆ ಪ್ರತ್ಯೇಕ ಕೂಲಿ.