ಅಳಿಲಿಗೆ ಆಹಾರ, ಮನೆಗೆ ಆರೋಗ್ಯ

ಊರಿನ ಹಿತ್ತಲನ್ನು ಬಿಟ್ಟು ಬಂದವರಿಗೆ ಮಹಾನಗರದಲ್ಲಿಯೂ ತಪ್ಪದೆ ದೊರೆಯುವ ನೆರೆಹೊರೆ ಅಳಿಲಿನದು. ಚೆನ್ನೈಯಲ್ಲಿ ಅದರ ಬೆನ್ನ ಮೇಲೆ ಮೂರು ಬಿಳಿಯ ಪಟ್ಟೆಗಳಿದ್ದರೆ, ದೆಹಲಿಯಲ್ಲಿ ಐದು ಪಟ್ಟೆಗಳ ಜಾತಿ ಕಾಣಸಿಗುತ್ತದೆ. ಅದಕ್ಕೆ ನಾಲ್ಕು ಕಾಳು ಇಡುವುದು ಮಕ್ಕಳಿಗೂ ವೃದ್ಧರಿಗೂ ಸಂತೋಷದ ಕಾರ್ಯವೇ ಸರಿ. ಆದರೆ ಕಾಳನ್ನು ತೆರೆದ ತಟ್ಟೆಯಲ್ಲಿಟ್ಟರೆ ಹಗಲಿನಲ್ಲಿ ಪಾರಿವಾಳಗಳೂ ಇರುಳಿನಲ್ಲಿ ಇಲಿ, ಹೆಗ್ಗಣಗಳೂ ಬಂದು ಸೇರುತ್ತವೆ. ಪಾರಿವಾಳದ ಒಣಗಿದ ಹಿಕ್ಕೆಯ ಧೂಳಿನಿಂದ ಶ್ವಾಸಕೋಶದ ಉರಿಯೂತವೂ, ಇಲಿಯ ಮೂತ್ರ ಬೆರೆತ ನೀರಿನಿಂದ ಲೆಪ್ಟೋಸ್ಪೈರೋಸಿಸ್ ಜ್ವರವೂ ಉಂಟಾಗಬಲ್ಲವು. ಆದುದರಿಂದ ಇವುಗಳನ್ನು ದೂರವಿಡುವ ಗೂಡೊಂದನ್ನು ಮನೆಯಲ್ಲಿಯೇ ಮಾಡಿಕೊಳ್ಳುವುದು ಲೇಸು.

ಗೂಡಿನ ರಚನೆ

ಹಣ್ಣು ತುಂಬಿ ಬರುವ ಪೆಟ್ಟಿಗೆಯ ಹಲಗೆಗಳು ಇದಕ್ಕೆ ಸಾಕು. ಸುಮಾರು 20 ಸೆಂ.ಮೀ. ಉದ್ದ, 15 ಸೆಂ.ಮೀ. ಅಗಲ, 20 ಸೆಂ.ಮೀ. ಎತ್ತರದ ಪೆಟ್ಟಿಗೆಯನ್ನು ಜೋಡಿಸಿ, ಒಂದು ಪಕ್ಕದ ಮೇಲಂಚಿನ ಸಮೀಪ 5 ಸೆಂ.ಮೀ. ವ್ಯಾಸದ ರಂಧ್ರವನ್ನು ಕೊರೆಯಬೇಕು. ಇದರೊಳಗೆ ಅಳಿಲು ಸಲೀಸಾಗಿ ನುಸುಳುತ್ತದೆ, ಪಾರಿವಾಳ ನುಸುಳಲಾರದು. ರಂಧ್ರದ ಕೆಳಗೆ ಗೂಟವನ್ನು ಇರಿಸಬಾರದು. ಒರಟಾದ ಹಲಗೆಯನ್ನು ಅಳಿಲು ಉಗುರಿನಿಂದಲೇ ಏರುತ್ತದೆ. ಪಾರಿವಾಳಕ್ಕೆ ಮಾತ್ರ ಕೂರಲು ಆಸರೆ ಸಿಗದು. ಇಳಿಜಾರಾದ ಮುಚ್ಚಳವನ್ನು ರಬ್ಬರಿನ ಪಟ್ಟಿಯಿಂದ ಹಿಂಬದಿಗೆ ಮೊಳೆ ಹೊಡೆದು ಕೂರಿಸಿದರೆ ತೆರೆದು ಮುಚ್ಚಲು ಅನುಕೂಲ. ತಳದಲ್ಲಿ ನೀರು ಬಸಿಯಲು ಮೂರು ನಾಲ್ಕು ಸಣ್ಣ ತೂತುಗಳಿರಲಿ. ಅಳಿಲು ಮರವನ್ನು ಕಡಿಯುವುದರಿಂದ ಬಣ್ಣ ಬಳಿಯುವುದು ಬೇಡ. ಗೂಡನ್ನು ಮರದ ಕಾಂಡಕ್ಕೆ ಸುಮಾರು 5 ಅಡಿ ಎತ್ತರದಲ್ಲಿ ತೆಂಗಿನ ನಾರಿನ ಹಗ್ಗದಿಂದ ಕಟ್ಟಬೇಕು. ಅಂಗಳವು ಹಲವು ಮನೆಗಳಿಗೆ ಸೇರಿದ್ದಾದರೆ ನೆರೆಯವರ ಸಮ್ಮತಿಯನ್ನು ಮೊದಲೇ ಪಡೆಯುವುದು ಯುಕ್ತ.

ಆಹಾರ ಮತ್ತು ಶುಚಿತ್ವ

ಐದಾರು ಹಸಿ ಕಡಲೆಕಾಯಿ ಬೀಜ, ಸೀಬೆ ಅಥವಾ ಪಪ್ಪಾಯಿಯ ಒಂದು ಹೋಳು ದಿನಕ್ಕೆ ಸಾಕು. ಉಪ್ಪು, ಖಾರ ಸೋಕಿದ ತಿಂಡಿಯಾಗಲಿ ಬಿಸ್ಕತ್ತಾಗಲಿ ಸಲ್ಲದು. ಬೂಷ್ಟು ಹಿಡಿದ ಕಡಲೆಕಾಯಿಯಲ್ಲಿ ಯಕೃತ್ತಿಗೆ ಮಾರಕವಾದ ಅಫ್ಲಟಾಕ್ಸಿನ್ ಎಂಬ ವಿಷವಿರಬಹುದಾದ್ದರಿಂದ ಅದನ್ನು ಎಸೆಯತಕ್ಕದ್ದು.

ಎಲ್ಲಕ್ಕೂ ಮುಖ್ಯವಾದುದು ವೇಳೆ. ಅಳಿಲು ಹಗಲಿನಲ್ಲಿ ತಿನ್ನುವ ಪ್ರಾಣಿ. ಇಲಿ ಹೊರಡುವುದು ಹೆಚ್ಚಾಗಿ ಕತ್ತಲಾದ ಮೇಲೆ. ಬೆಳಿಗ್ಗೆ ಇಟ್ಟ ಆಹಾರದಲ್ಲಿ ಉಳಿದುದನ್ನು ಸಂಜೆಗೆ ಮುನ್ನ ತೆಗೆದು, ಕೆಳಗೆ ಬಿದ್ದುದನ್ನು ಗುಡಿಸಿದರೆ ಇಲಿಗೆ ಅಲ್ಲಿ ಕೆಲಸವಿರದು. ಹಿಕ್ಕೆ ಬಿದ್ದಿದ್ದರೆ ನೀರು ಚಿಮುಕಿಸಿ ನೆನೆಸಿದ ನಂತರವೇ ತೆಗೆಯಬೇಕು. ವಾರಕ್ಕೊಮ್ಮೆ ಗೂಡನ್ನು ಸೋಪಿನ ಬಿಸಿನೀರಿನಿಂದ ತೊಳೆದು ಬಿಸಿಲಿನಲ್ಲಿ ಒಣಗಿಸಬೇಕು. ಕುಡಿಯುವ ನೀರಿನ ಮಣ್ಣಿನ ತಟ್ಟೆಯನ್ನು ಪ್ರತಿದಿನ ಉಜ್ಜಿ ತೊಳೆದು ತುಂಬಿದರೆ ಡೆಂಗ್ಯೂ ಹರಡುವ ಸೊಳ್ಳೆ ಅದರಲ್ಲಿ ಬೆಳೆಯದು.

ಎಚ್ಚರಿಕೆ

ಮಕ್ಕಳು ಅಳಿಲಿಗೆ ಕೈಯಿಂದ ತಿನ್ನಿಸಲು ಹೋಗಬಾರದು. ಅಳಿಲಿನಿಂದ ರೇಬೀಸ್ ತಗಲುವುದು ಅತಿ ವಿರಳ. ಆದರೂ ಕಚ್ಚಿದಲ್ಲಿ ಗಾಯವನ್ನು ಹರಿಯುವ ನೀರು ಮತ್ತು ಸೋಪಿನಿಂದ 15 ನಿಮಿಷ ತೊಳೆದು, ಧನುರ್ವಾಯುವಿನ ಚುಚ್ಚುಮದ್ದು ಮೊದಲಾದುವುಗಳ ಬಗ್ಗೆ ವೈದ್ಯರ ಸಲಹೆ ಪಡೆಯುವುದು ಅವಶ್ಯ.

ರಜೆಯಲ್ಲಿ ಮನೆಗೆ ಬೀಗ ಹಾಕಿ ಊರಿಗೆ ಹೊರಡುವವರು ಗೂಡನ್ನೂ ನೀರಿನ ತಟ್ಟೆಯನ್ನೂ ಬರಿದುಮಾಡಿ ಹೋಗಬೇಕು. ಅಳಿಲು ಉಪವಾಸ ಬೀಳುವುದೆಂಬ ಚಿಂತೆ ಬೇಡ. ಹಣ್ಣು, ಹೂವು, ಚಿಗುರು, ಕೀಟಗಳಿಂದ ಅದು ತನ್ನ ಹೊಟ್ಟೆಯನ್ನು ತಾನೇ ಹೊರೆದುಕೊಳ್ಳಬಲ್ಲದು.